ಸೋಮವಾರ ಒತ್ತಿದ ಮುದ್ರೆ

ಮೊದಲೇ ಹೇಳಿಬಿಡುತ್ತೇನೆ, ನಾನು ದೇವರನ್ನು ನಂಬುವವಳಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ, ಬಾಯಿ ಸ್ವಲ್ಪ ಜೋರು, ವಾದಕ್ಕೆ ಕೂತರೆ ಎದುರಿನವರು ಎದ್ದು ಹೋಗುವವರೆಗೂ ಬಿಡುವುದಿಲ್ಲ. ಇಂಥವಳು ಚಿಕ್ಕಪ್ಪನ ಕತೆ ಹೇಳುವುದು ಎಷ್ಟು ಸರಿಯೋ ಗೊತ್ತಿಲ್ಲ. ಆದರೆ ಹೇಳಲು ಉಳಿದಿರುವವಳು ನಾನೊಬ್ಬಳೇ. ಚಿಕ್ಕಮ್ಮ ಬಾಯಿ ಬಿಡುವುದಿಲ್ಲ.

ಚಿಕ್ಕಪ್ಪ ಮೂವತ್ತೊಂದು ವರ್ಷ ಒಂದು ರಟ್ಟಿನ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಹಳೆಯ ಕಾಗದವನ್ನು ನೆನೆಸಿ, ಅರೆದು, ಹಿಂಡಿ, ಒಣಗಿಸಿ ಹೊಸ ರಟ್ಟು ಮಾಡುವ ಜಾಗ ಅದು. ಅಂಗಳಕ್ಕೆ ಕಾಲಿಟ್ಟರೆ ಒದ್ದೆ ಕಾಗದದ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಚಿಕ್ಕಪ್ಪನ ಅಂಗಿ ಎಷ್ಟು ಒಗೆದರೂ ಆ ವಾಸನೆ ಹೋಗುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಯಾರಿಗಾದರೂ ಪೆಟ್ಟಾದರೆ ಅದರ ವರದಿ ತಯಾರಿಸುವುದು ಅವರ ಕೆಲಸ. ಕೆಲಸಗಾರರು ಅವರಿಗೆ ‘ದೇವರ ಗುಮಾಸ್ತ’ ಅಂತ ಹೆಸರಿಟ್ಟಿದ್ದರು. ಹಾಗೆ ಕರೆದರೆ ಬೇಜಾರಾಗುವುದಿಲ್ಲವೇ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. “ಸಂಬಳ ಕೊಡೋರು ಬೇರೆ, ಹೆಸರು ಕೊಡೋರು ಬೇರೆ. ಎರಡಕ್ಕೂ ಸಹಿ ಹಾಕಿ ತಗೋಬೇಕು” ಎಂದಿದ್ದರು.

ಆ ಹೆಸರು ಬಂದದ್ದು ಹೀಗೆ. ಅಪಘಾತದ ಫಾರಂನಲ್ಲಿ ‘ಕಾರಣ’ ಎಂಬ ಒಂದು ಕಾಲಂ ಇತ್ತು. ಅದನ್ನು ಕೈಯಲ್ಲಿ ಬರೆಯುವಂತಿಲ್ಲ, ರಬ್ಬರ್ ಮುದ್ರೆ ಒತ್ತಬೇಕು. ತಗಡಿನ ಡಬ್ಬಿಯೊಂದರಲ್ಲಿ ನಾಲ್ಕು ಮುದ್ರೆಗಳಿದ್ದವು. ಯಂತ್ರದ ದೋಷ, ಕೆಲಸಗಾರರ ಅಜಾಗರೂಕತೆ, ಮೇಲ್ವಿಚಾರಣೆಯ ಲೋಪ, ಕೊನೆಯದು ದೈವೇಚ್ಛೆ. ಚಿಕ್ಕಪ್ಪ ಕೆಲಸಕ್ಕೆ ಸೇರಿದ ವರ್ಷವೇ ರಟ್ಟು ಕತ್ತರಿಸುವ ಯಂತ್ರದಲ್ಲಿ ಒಬ್ಬನ ಎರಡು ಬೆರಳು ಹೋದವು. ಅಲಗಿನ ಮುಂದಿನ ತಗಡಿನ ತಡೆಯನ್ನು ಬಿಚ್ಚಿ ಮೂಲೆಗೆಸೆದು ಎಷ್ಟೋ ದಿನವಾಗಿತ್ತು. ಮ್ಯಾನೇಜರ್ ಬಂದು, “ಅಜಾಗರೂಕತೆ ಒತ್ತಿ” ಎಂದ. ಅದನ್ನು ಒತ್ತಿದರೆ ಆ ಮನುಷ್ಯನ ಕೆಲಸ ಅಂದೇ ಹೋಗುತ್ತದೆ. ಯಂತ್ರದ ದೋಷ ಎಂದು ಒತ್ತಿದರೆ ಮ್ಯಾನೇಜರ್ ಸಹಿ ಹಾಕುವುದಿಲ್ಲ. ಚಿಕ್ಕಪ್ಪ ಸ್ವಲ್ಪ ಹೊತ್ತು ಡಬ್ಬಿಯನ್ನೇ ನೋಡುತ್ತ ಕೂತು ನಾಲ್ಕನೆಯ ಮುದ್ರೆ ತೆಗೆದು ಒತ್ತಿಬಿಟ್ಟರು. ಮ್ಯಾನೇಜರ್ ನಕ್ಕುಬಿಟ್ಟ. “ಇದೇ ವಾಸಿ. ದೇವರು ತಕರಾರು ಅರ್ಜಿ ಹಾಕಲ್ಲ” ಎಂದು ಸಹಿ ಹಾಕಿದ. ಎಂಟು ಬೆರಳಿನವನು ಗಾಯ ಮಾಗಿದ ಮೇಲೆ ಮತ್ತೆ ಕೆಲಸಕ್ಕೆ ಬಂದ, ಆಫೀಸಿನ ಬಾಗಿಲಲ್ಲಿ ನಿಂತು ಅತ್ತ.

ಅಲ್ಲಿಂದ ಚಿಕ್ಕಪ್ಪನಿಗೆ ದಾರಿ ಸಿಕ್ಕಿತು. ಯಾರ ಕೈ ಸುಟ್ಟರೂ, ಯಾರ ಕಾಲಿನ ಮೇಲೆ ಕಾಗದದ ಪಿಂಡಿ ಬಿದ್ದರೂ ದೇವರ ತಲೆಗೆ ಕಟ್ಟಿಬಿಡುವುದು. ಹಾಗೆ ಮಾಡಿದ್ದು ಹೆದರಿಕೆಯಿಂದಲ್ಲ, ಕರುಣೆಯಿಂದ. ಭಕ್ತಿಯಿಂದ ಅಂದರೂ ತಪ್ಪಿಲ್ಲ. “ಅವನು ದೊಡ್ಡವನು, ಹೊಟ್ಟೆಗೆ ಹಾಕ್ಕೊಳ್ತಾನೆ. ಬಡವನ ಮೇಲೆ ಹಾಕಿದ್ರೆ ಅವನ ಹೊಟ್ಟೇನೇ ಹೋಗುತ್ತೆ” ಎನ್ನುತ್ತಿದ್ದರು. ಆ ಮುದ್ರೆಯನ್ನು ಉಳಿದ ಮೂರರ ಜೊತೆ ಇಡುತ್ತಿರಲಿಲ್ಲ. ಒಗೆದ ಕರ್ಚೀಫಿನಲ್ಲಿ ಸುತ್ತಿ ಬೇರೆ ಡ್ರಾಯರಿನಲ್ಲಿಡುತ್ತಿದ್ದರು. ಒಮ್ಮೆ ಅದು ನೆಲಕ್ಕೆ ಬಿದ್ದಾಗ ಅಂಗಿಯ ಅಂಚಿನಲ್ಲಿ ಒರೆಸಿ, ಮೆಲ್ಲಗೆ “ತಪ್ಪಾಯ್ತು” ಎಂದದ್ದನ್ನು ನಾನೇ ಕಂಡಿದ್ದೇನೆ. ಆಗ ನನಗೆ ನಗು ಬಂದಿತ್ತು.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವರು ಕಿಟಕಿಯ ಮುಂದೆ ಐದು ನಿಮಿಷ ನಿಲ್ಲುತ್ತಿದ್ದರು. ತುಟಿ ಅಲುಗುತ್ತಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ನಾನು ಅಲ್ಲಿಗೂ ಹೋಗಿ ತಲೆ ತಿಂದಿದ್ದೆ.

“ಚಿಕ್ಕಪ್ಪ, ಆ ಬೆರಳು ಹೋಗೋದನ್ನ ತಡೆಯೋ ಶಕ್ತಿ ದೇವರಿಗೆ ಇತ್ತಾ ಇಲ್ವಾ?”

“ಇತ್ತು.”

“ಹಾಗಾದ್ರೆ ಮನಸ್ಸಿರಲಿಲ್ಲ.”

“ಮನಸ್ಸೂ ಇತ್ತು.”

“ಎರಡೂ ಇದ್ಮೇಲೆ ಬೆರಳು ಹೇಗೆ ಹೋಯ್ತು?”

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿದರು. “ಮೇಲಿನ ಆಫೀಸಿನ ಫೈಲನ್ನ ಕೆಳಗಿನವರಿಗೆ ತೋರಿಸಲ್ಲ ಮಗಳೇ” ಎಂದರು. ಅವರ ಮಗಳು, ನನ್ನ ತಂಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳಿಗಾಗ ಹತ್ತು ವರ್ಷ. ಸದಾ ಮಾತಾಡುತ್ತಿದ್ದಳೆಂದು ಎಲ್ಲರೂ ಅವಳನ್ನು ಗಿಣಿ ಎನ್ನುತ್ತಿದ್ದರು.

ಹತ್ತು ವರ್ಷದ ಕೆಳಗೆ ಒಂದು ಹೊಸ ನಿಯಮ ಬಂತು. ಅಪಘಾತವಾದ ಪಾಳಿ ಮುಗಿಯುವುದರೊಳಗೆ ವರದಿ ಹೊರಡಬೇಕು, ತಡವಾದರೆ ನೋಟೀಸು. ಚಿಕ್ಕಪ್ಪನದು ಹಗಲು ಪಾಳಿ ಮಾತ್ರ, ಕಾರ್ಖಾನೆ ಮೂರು ಪಾಳಿಯಲ್ಲೂ ಓಡುತ್ತದೆ. ಅದಕ್ಕೆ ಚಿಕ್ಕಪ್ಪನೂ ಪಾಳಿ ನೋಡಿಕೊಳ್ಳುವ ಮೇಸ್ತ್ರಿಯೂ ಸೇರಿ ಒಂದು ಉಪಾಯ ಕಂಡುಕೊಂಡರು. ಪ್ರತಿ ಸೋಮವಾರ ಬೆಳಿಗ್ಗೆ ಚಿಕ್ಕಪ್ಪ ಹತ್ತು ಫಾರಂಗಳಿಗೆ, ಒಂದೊಂದಕ್ಕೂ ಮೂರು ಪ್ರತಿಯಂತೆ, ಮೊದಲೇ ಸಹಿ ಹಾಕಿ, ಕಾರಣದ ಕಾಲಂನಲ್ಲಿ ದೈವೇಚ್ಛೆ ಒತ್ತಿ ಮೇಸ್ತ್ರಿಯ ಡ್ರಾಯರಿನಲ್ಲಿಡುವುದು. ಯಾರಿಗಾದರೂ ಪೆಟ್ಟಾದರೆ ಮೇಸ್ತ್ರಿ ಹೆಸರು, ಹೊತ್ತು, ಯಾವ ಅಂಗ ಎಂದು ತುಂಬಿ ಕಳಿಸುವುದು. ಹೇಗೂ ಒತ್ತುವುದು ಅದನ್ನೇ ತಾನೇ. ಇದರಲ್ಲಿ ಯಾರಿಗೂ ವಿಚಿತ್ರವೇನೂ ಕಾಣಲಿಲ್ಲ. ನನಗೊಬ್ಬಳಿಗೇ ಕಂಡದ್ದು, ಅದೂ ತಮಾಷೆಯಾಗಿ. “ನಿಮ್ಮ ದೇವರು ಬಹಳ ಶಿಸ್ತಿನವನು, ವಾರದ ಇಚ್ಛೆಯನ್ನೆಲ್ಲ ಸೋಮವಾರ ಹತ್ತು ಗಂಟೆಯೊಳಗೆ ಮುಗಿಸಿಬಿಡ್ತಾನೆ” ಎಂದು ಅಣಕಿಸುತ್ತಿದ್ದೆ.

ಗಿಣಿಗೆ ಇಪ್ಪತ್ತಾರಾದಾಗ ಅವಳು ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿ ಮುಚ್ಚಿತು. ಚಿಕ್ಕಪ್ಪನೇ ಮ್ಯಾನೇಜರನ್ನು ಕೇಳಿ ಅವಳನ್ನು ಕಾರ್ಖಾನೆಯ ವಿಂಗಡಣೆ ವಿಭಾಗಕ್ಕೆ ಸೇರಿಸಿದರು. ಅಲ್ಲಿ ಹಳೆಯ ಕಾಗದ ಉದ್ದನೆಯ ಬೆಲ್ಟಿನ ಮೇಲೆ ಹರಿದು ಬರುತ್ತದೆ. ಎರಡೂ ಕಡೆ ನಿಂತ ಹೆಂಗಸರು ಅದರಲ್ಲಿನ ಪ್ಲಾಸ್ಟಿಕ್ಕು, ಪಿನ್ನು, ಚಿಂದಿ ಹೆಕ್ಕಿ ತೆಗೆಯಬೇಕು. ಬೆಲ್ಟಿನ ಕೊನೆಗೆ ಕಬ್ಬಿಣದ ದೊಡ್ಡ ಉರುಳೆ. ಉರುಳೆಗೆ ಹೊದಿಸುವ ಜಾಲರಿ ಒಂದಿತ್ತು. ಚೂರು ಕಾಗದ ಸಿಕ್ಕಿಕೊಂಡು ಚೊಕ್ಕ ಮಾಡುವುದಕ್ಕೆ ಹೊತ್ತು ಹಿಡಿಯುತ್ತದೆಂದು ಅದನ್ನು ತೆಗೆದಿಟ್ಟಿದ್ದರು. ಬೆಲ್ಟಿನುದ್ದಕ್ಕೂ ಒಂದು ಹಗ್ಗವಿತ್ತು, ಎಳೆದರೆ ಬೆಲ್ಟು ನಿಲ್ಲುತ್ತದೆ. ಹೆಂಗಸರ ಮೊಣಕೈ ತಾಗಿ ಪದೇಪದೇ ನಿಲ್ಲುತ್ತಿತ್ತೆಂದು ಅದನ್ನೂ ಮೇಲಿನ ಕಂಬಿಗೆ ತಂತಿಯಲ್ಲಿ ಬಿಗಿದಿದ್ದರು. ಬಿಗಿದು ಹನ್ನೊಂದು ತಿಂಗಳಾಗಿತ್ತು. ಅಷ್ಟರಲ್ಲಿ ಅದೇ ಉರುಳೆಗೆ ಒಬ್ಬಳ ಹೆಬ್ಬೆರಳು ಸಿಕ್ಕಿತ್ತು, ಇನ್ನೊಬ್ಬಳ ಮಣಿಕಟ್ಟು ಮುರಿದಿತ್ತು. ಎರಡಕ್ಕೂ ಫಾರಂ ಹೋಗಿತ್ತು, ಎರಡರಲ್ಲೂ ಚಿಕ್ಕಪ್ಪನ ಮುದ್ರೆ ಇತ್ತು.

ಅದೊಂದು ಗುರುವಾರ, ಬೆಳಿಗ್ಗೆ ಹತ್ತು ನಲವತ್ತು. ಉರುಳೆಯ ಹತ್ತಿರ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಹಾಳೆಯನ್ನು ಎಳೆಯಲು ಗಿಣಿ ಬಗ್ಗಿದಳು. ಅಂಗಿಯ ತೋಳು ಸಿಕ್ಕಿತು, ಕೈ ಹೋಯಿತು, ಕೈಯ ಹಿಂದೆ ಅವಳೂ ಹೋದಳು. ಪಕ್ಕದವಳು ಹಗ್ಗಕ್ಕೆ ಹಾರಿದಳು, ಹಗ್ಗ ಎಟುಕಲಿಲ್ಲ. ಇನ್ನೊಬ್ಬಳು ಸ್ವಿಚ್ಚು ಆರಿಸಲು ಪಕ್ಕದ ಶೆಡ್ಡಿಗೆ ಓಡಿದಳು. ಅವಳು ತಲುಪುವಷ್ಟು ಹೊತ್ತು ಬೇಕಾಗಲಿಲ್ಲ.

ಅಂಗಳದಾಚೆ ಆಫೀಸಿನಲ್ಲಿ ಚಿಕ್ಕಪ್ಪನಿಗೆ ಬೆಲ್ಟು ನಿಂತದ್ದು ಕೇಳಿಸಿತು. ವರ್ಷಗಟ್ಟಲೆ ಆ ಸದ್ದಿನಲ್ಲಿ ಕೂತವರಿಗೆ ಅದು ನಿಂತದ್ದೇ ದೊಡ್ಡ ಸದ್ದು. ಅವರು ಎದ್ದು ಹೋಗಲಿಲ್ಲ. ಯಾರಿಗೋ ಪೆಟ್ಟಾಗಿರಬೇಕು, ಫಾರಂ ಹೇಗೂ ಮೇಸ್ತ್ರಿಯ ಡ್ರಾಯರಿನಲ್ಲಿದೆ ಎಂದುಕೊಂಡು ಮುಂದಿನ ಹಾಳೆ ತಿರುಗಿಸಿದರು. ಇದನ್ನು ಅವರೇ ನನಗೆ ಹೇಳಿದ್ದು, ಒಂದು ಸಲವಲ್ಲ, ಎಷ್ಟೋ ಸಲ.

ಮನೆಯಲ್ಲಿ ಚಿಕ್ಕಮ್ಮ ದೇವರನ್ನು ಹಿಡಿದು ಬೈಯುತ್ತಿದ್ದರು. ಪಾತ್ರೆ ತೊಳೆಯುತ್ತ, ಗಿಣಿಯ ಬಟ್ಟೆ ಮಡಿಸುತ್ತ, ಎದುರಿಗೆ ನಿಂತವರನ್ನು ಬೈಯುವ ಹಾಗೆ. “ನಿನಗೊಂದು ಹೆಣ್ಣು ಮಗು ಇದ್ದಿದ್ರೆ ಗೊತ್ತಾಗ್ತಿತ್ತು. ಲೋಕದಲ್ಲಿ ಇನ್ಯಾರೂ ಕಾಣಲಿಲ್ವಾ ನಿನ್ನ ಕಣ್ಣಿಗೆ, ನನ್ನ ಮನೆಯದೇ ಆಗಬೇಕಿತ್ತಾ?” ಬೈದು ಬೈದು ಸುಸ್ತಾಗಿ ನಿದ್ದೆ ಹೋಗುತ್ತಿದ್ದರು, ಎದ್ದು ಮತ್ತೆ ಶುರು ಮಾಡುತ್ತಿದ್ದರು. ಚಿಕ್ಕಪ್ಪ ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಐದನೆಯ ದಿನ ನಾನು ನಾಲಿಗೆ ತಡೆಯಲಾರದೆ, “ಈಗಲಾದ್ರೂ ಒಪ್ಕೊಳ್ಳಿ ಚಿಕ್ಕಪ್ಪ, ಮೇಲೆ ಯಾರೂ ಇಲ್ಲ” ಎಂದುಬಿಟ್ಟೆ. ಅವರು ನನ್ನ ಮುಖ ನೋಡಿದರು. ಆ ಮಾತಿಗೆ ನನಗೆ ಇಂದಿಗೂ ನಾಚಿಕೆಯಿದೆ.

ಎಂಟನೆಯ ದಿನ ಮ್ಯಾನೇಜರ್ ಮನೆಗೆ ಬಂದ. ಹಳಬನಲ್ಲ, ಅವನ ನಂತರ ಬಂದ ಮೂರನೆಯವನು. ಮನೆಯವರಿಗೆ ಸೇರಬೇಕಾದ ವರದಿಯ ಪ್ರತಿಯನ್ನು ಕೊಟ್ಟು, ಎರಡು ಒಳ್ಳೆಯ ಮಾತಾಡಿ ಹೋದ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಕಾಗದ ಬಿಡಿಸಿದರು. ಮಗಳ ಹೆಸರು ಮೇಸ್ತ್ರಿಯ ಅಕ್ಷರದಲ್ಲಿತ್ತು. ಕಾರಣದ ಕಾಲಂನಲ್ಲಿ ದೈವೇಚ್ಛೆ, ಕೆಳಗೆ ಅವರದೇ ಸಹಿ. ಬಲಗಡೆಯ ಮೂಲೆಯಲ್ಲಿ ನೇರಳೆ ಶಾಯಿಯ ಒಂದು ಬೆರಳಿನ ಗುರುತು. ಅವರು ಆ ಗುರುತಿನ ಮೇಲೆ ತಮ್ಮ ಹೆಬ್ಬೆರಳಿಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ.

“ಅವಳದೇ” ಎಂದರು.

ಆ ಸೋಮವಾರ ಗಿಣಿ ಅಪ್ಪ ಮರೆತುಬಂದಿದ್ದ ಕನ್ನಡಕ ಕೊಡಲು ಆಫೀಸಿಗೆ ಹೋಗಿದ್ದಳಂತೆ. ಪಾಳಿ ಶುರುವಾಗಲು ಇನ್ನೂ ಹತ್ತು ನಿಮಿಷವಿತ್ತು. ಅಪ್ಪ ಮುದ್ರೆ ಒತ್ತಿ ಒತ್ತಿ ಕೊಟ್ಟ ಹಾಗೆ ಇವಳು ಶಾಯಿ ಒಣಗಲೆಂದು ಬಾಯಲ್ಲಿ ಊದಿ ಊದಿ ಜೋಡಿಸಿದ್ದಳು. “ಅಪ್ಪ, ಈ ವಾರ ದೇವರಿಗೆ ಹತ್ತೇ ಜನ ಸಾಕಾ?” ಎಂದು ತಮಾಷೆ ಮಾಡಿದ್ದಳು. ಒಂದು ಹಾಳೆಯ ಮೂಲೆಗೆ ಶಾಯಿಯ ಬೆರಳು ತಾಗಿಸಿದ್ದಕ್ಕೆ ಅಪ್ಪನಿಂದ ಬೈಸಿಕೊಂಡಿದ್ದಳು.

ಚಿಕ್ಕಪ್ಪ ಕಾಗದ ಮಡಿಸಿದರು. ನಾನು ಐದನೆಯ ದಿನ ಆಡಿದ ಮಾತಿಗೆ ಆಗ ಉತ್ತರ ಕೊಟ್ಟರು.

“ಯಾರೂ ಇಲ್ಲ ಅಂದೆಯಲ್ಲ. ಇಲ್ಲದಿದ್ರೆ ನಾನು ಬರೀ ಸುಳ್ಳ, ಅಷ್ಟೇ. ಇದ್ರೆ? ಇದ್ರೆ ಮೂವತ್ತೊಂದು ವರ್ಷ ಅವನ ಮೇಲೆ ಕೊಲೆ ಹೊರಿಸಿದವನು ನಾನು. ಗುರುವಾರದ್ದನ್ನ ಅವನು ಸೋಮವಾರವೇ ಬರೆದಿಟ್ಟಿರಲಿಲ್ಲ ಮಗಳೇ. ನಾನು ಬರೆದಿಟ್ಟಿದ್ದೆ.”

ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ.

ಐದು ದಿನ ಬಿಟ್ಟು ಮ್ಯಾನೇಜರ್ ಮತ್ತೆ ಬಂದ. ಸಾವಾದ್ದರಿಂದ ಸರ್ಕಾರದ ಇನ್ಸ್‌ಪೆಕ್ಟರ್ ವಿಚಾರಣೆಗೆ ಬರುತ್ತಿದ್ದಾರೆ, ವರದಿ ಬರೆದವರನ್ನು ಕೇಳುತ್ತಾರೆ, ಸಹಿ ನನ್ನದೇ ಅಂತ ಒಂದು ಮಾತು ಹೇಳಿದರೆ ಮುಗಿಯಿತು ಎಂದ. ಚಿಕ್ಕಪ್ಪ, “ಹಗ್ಗದ ತಂತಿ ಬಿಚ್ಚಿದ್ರಾ?” ಎಂದು ಕೇಳಿದರು.

“ವಿಚಾರಣೆ ಮುಗೀಲಿ. ಈಗ ಬಿಚ್ಚಿದ್ರೆ ನಾವೇ ತಪ್ಪೊಪ್ಪಿಕೊಂಡ ಹಾಗಾಗುತ್ತೆ.”

“ಆ ಜಾಗದಲ್ಲಿ ಈಗ ಯಾರು ನಿಲ್ತಾರೆ?”

“ಹೊಸಬಳೊಬ್ಬಳು ಬರ್ತಾಳೆ, ಈ ಸೋಮವಾರದಿಂದ.”

ಚಿಕ್ಕಪ್ಪ, “ಆ ಮುದ್ರೆ ನಾನು ವಾಪಸ್ ತಗೋತೀನಿ” ಎಂದರು. ಮ್ಯಾನೇಜರ್ ಸಿಟ್ಟಾಗಲಿಲ್ಲ, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.

“ದೇವರು ಬೇಡ ಅಂದ್ರೆ ಬೇಡ. ಆದರೆ ಕಾಲಂ ಖಾಲಿ ಬಿಡೋ ಹಾಗಿಲ್ಲ. ಬೆಲ್ಟು ಓಡ್ತಿರುವಾಗ ಕೈ ಹಾಕಿದ್ದು ಯಾರು? ಅಜಾಗರೂಕತೆ ಅಂತಲೇ ಆಗೋದು. ನಿಮ್ಮ ಮಗಳ ಹೆಸರಿನ ಮುಂದೆ ಅದನ್ನ ಒತ್ತೋಕೆ ನನಗೂ ಮನಸ್ಸಿಲ್ಲ. ನೀವೇ ಯೋಚನೆ ಮಾಡಿ.”

ಅವನು ಹೋದ ಮೇಲೆ ಚಿಕ್ಕಮ್ಮ ಬಾಗಿಲ ಹಿಂದಿನಿಂದ ಬಂದರು. ಎಲ್ಲ ಕೇಳಿಸಿಕೊಂಡಿದ್ದರು. “ಇದ್ದದ್ದು ಇರ್ಲಿ ಬಿಡಿ” ಎಂದರು. “ನನ್ನ ಮಗಳ ತಪ್ಪು ಅಂತ ಮಾತ್ರ ಎಲ್ಲೂ ಬರೋದು ಬೇಡ. ನಿಮಗೆ ಕೈ ಮುಗೀತೀನಿ.”

ವಿಚಾರಣೆಯ ದಿನ ನನ್ನನ್ನು ಜೊತೆಗೆ ಕರೆದರು. ಶಾಲೆಗೆ ರಜೆ ಹಾಕಿ ಹೋದೆ. ಆಫೀಸಿನ ಒಳಕೋಣೆ, ಉದ್ದನೆಯ ಮೇಜು, ಗೋಡೆಗೆ ಒರಗಿಸಿಟ್ಟ ರಟ್ಟಿನ ಮಾದರಿ ಹಾಳೆಗಳು. ಇನ್ಸ್‌ಪೆಕ್ಟರ್ ಐವತ್ತರ ಹೆಂಗಸು, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಒಂದು ಕಡೆ ಮ್ಯಾನೇಜರ್, ಇನ್ನೊಂದು ಕಡೆ ಮೇಸ್ತ್ರಿ. ಇನ್ಸ್‌ಪೆಕ್ಟರ್ ಫಾರಂ ಮುಂದಿಟ್ಟು, “ಸಹಿ ನಿಮ್ಮದೇನಾ?” ಎಂದರು.

“ನನ್ನದೇ ಮೇಡಂ.”

“ಮುದ್ರೆ ಒತ್ತಿದ್ದು?”

“ನಾನೇ. ಸೋಮವಾರ, ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ.”

ಇನ್ಸ್‌ಪೆಕ್ಟರ್ ಕರ್ಚೀಫು ಕೆಳಗಿಟ್ಟರು. “ಅವರು ತೀರಿಕೊಂಡಿದ್ದು ಗುರುವಾರ ಅಲ್ವಾ?”

“ಹೌದು. ಸೋಮವಾರ ಯಾರು ಅಂತ ಗೊತ್ತಿರಲಿಲ್ಲ. ಹೆಸರಿಗೆ ಜಾಗ ಬಿಟ್ಟಿದ್ದೆ.”

ಮೇಸ್ತ್ರಿ ತಲೆ ತಗ್ಗಿಸಿದ. ಚಿಕ್ಕಪ್ಪ ಎದ್ದುಹೋಗಿ ತಮ್ಮ ಮೇಜಿನಿಂದ ತಗಡಿನ ಡಬ್ಬಿ ತಂದರು. ದೈವೇಚ್ಛೆಯ ಮೇಲೆ ಅಡ್ಡಗೆರೆ ಎಳೆದರು. ಮ್ಯಾನೇಜರ್ ಎರಡನೆಯ ಮುದ್ರೆಯನ್ನು, ಅಜಾಗರೂಕತೆಯದನ್ನು, ಅವರ ಕಡೆಗೆ ಸ್ವಲ್ಪ ತಳ್ಳಿದ, ಅದನ್ನು ನಾನು ನೋಡಿದೆ. ಚಿಕ್ಕಪ್ಪ ಮೂರನೆಯದನ್ನು ತೆಗೆದರು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಒತ್ತದ ಮುದ್ರೆ. ರಬ್ಬರಿನ ಮೇಲೆ ಅಂಗಡಿಯಿಂದ ಬಂದಾಗಿನ ಬಿಳಿ ಪುಡಿ ಹಾಗೇ ಇತ್ತು. ಅದನ್ನು ಒರೆಸಿ, ಶಾಯಿಗದ್ದಿ, ಒತ್ತಿದರು. ಮೇಲ್ವಿಚಾರಣೆಯ ಲೋಪ. ಒಂದು ಅಕ್ಷರವೂ ಸವೆದಿರಲಿಲ್ಲ.

“ಯಾರ ಲೋಪ ಅಂತ ಕೆಳಗೆ ಬರೀಬೇಕು” ಎಂದರು ಇನ್ಸ್‌ಪೆಕ್ಟರ್.

ಚಿಕ್ಕಪ್ಪ ಮೊದಲು ತಮ್ಮ ಹೆಸರು ಬರೆದರು, ಆಮೇಲೆ ಮೇಸ್ತ್ರಿಯದು, ಆಮೇಲೆ ಮ್ಯಾನೇಜರನದು. ಬರೆದು, “ಹಗ್ಗ ಕಟ್ಟಿದ್ದು ನನಗೆ ಹನ್ನೊಂದು ತಿಂಗಳಿಂದ ಗೊತ್ತಿತ್ತು” ಎಂದರು.

ಅಂದೇ ತಂತಿ ಕತ್ತರಿಸಿದರು, ಜಾಲರಿ ಕೂರಿಸಿದರು. ಆ ಸೋಮವಾರ ಹೊಸಬಳು ಬಂದು ನಿಂತಳು, ಇವತ್ತಿಗೂ ಎರಡು ಕೈಯಿಂದ ಕೆಲಸ ಮಾಡುತ್ತಿದ್ದಾಳೆಂದು ಕೇಳಿದ್ದೇನೆ. ಚಿಕ್ಕಪ್ಪನ ಕೆಲಸ ಹೋಯಿತು, ಮೇಸ್ತ್ರಿಯದೂ ಹೋಯಿತು. ಮೇಸ್ತ್ರಿಯ ಹೆಂಡತಿ ನಮ್ಮ ಬಾಗಿಲಿಗೆ ಬಂದು ಶಪಿಸಿ ಹೋದಳು. ಮ್ಯಾನೇಜರನನ್ನು ಬೇರೆ ಊರಿನ ಕಾರ್ಖಾನೆಗೆ ಕಳಿಸಿದರು, ಅಷ್ಟೇ. ಇನ್ನೊಂದು ದಿನ ಎಂಟು ಬೆರಳಿನವನು ಬಂದ. ಮುದುಕನಾಗಿದ್ದ. “ಹಳೇ ಫಾರಂ ಎಲ್ಲ ತೆಗೆಸ್ತಾರಂತೆ. ನನ್ನದನ್ನ ಮುಟ್ಟಬೇಡಿ ಸ್ವಾಮಿ” ಎಂದ. “ಬೆರಳು ದೇವರು ತಗೊಂಡ ಅಂತಲೇ ಇಷ್ಟು ವರ್ಷ ಸುಮ್ಮನಿದ್ದೆ. ಮೂಲೆಗೆ ಬಿಸಾಕಿದ್ದ ತಗಡಿಗೋಸ್ಕರ ಹೋಯ್ತು ಅಂತ ಈಗ ಗೊತ್ತುಮಾಡಿಕೊಂಡು ಏನು ಮಾಡ್ಲಿ?” ಚಿಕ್ಕಪ್ಪ ಅವನ ಕೈ ಹಿಡಿದುಕೊಂಡು ಕೂತರು.

ಚಿಕ್ಕಮ್ಮ ಕಿರುಚಾಡಲಿಲ್ಲ. ವಿಚಾರಣೆಯಿಂದ ಬಂದ ದಿನ ನನ್ನೆದುರೇ ಒಂದು ಮಾತು ಹೇಳಿದರು. “ದೇವರ ಮೇಲಿತ್ತಲ್ಲ, ಇರೋಕೆ ಬಿಡಬಾರದಿತ್ತಾ? ಅವನಿಗೆ ಬೈಕೊಂಡು ಹೇಗೋ ಬದುಕ್ತಿದ್ದೆ, ಅವನು ಎದುರಿಗೆ ಕೂತಿರಲ್ಲ. ಈಗ ನಿಮಗೆ ಬೈಕೊಂಡು, ನಿಮಗೇ ಬಡಿಸಿಕೊಂಡು, ಒಂದೇ ಮನೆಯಲ್ಲಿ ಹೇಗೆ ಬದುಕ್ಲಿ ಹೇಳಿ?” ಅಂದಿನಿಂದ ಚಿಕ್ಕಮ್ಮ ದೇವರನ್ನು ಬೈಯುವುದೂ ನಿಂತಿತು, ಗಂಡನೊಡನೆ ಮಾತಾಡುವುದೂ ನಿಂತಿತು. ಊಟಕ್ಕಿಟ್ಟು ತಟ್ಟೆಯ ಸದ್ದು ಮಾಡುತ್ತಿದ್ದರು, ಚಿಕ್ಕಪ್ಪ ಎದ್ದು ಹೋಗಿ ಕೂರುತ್ತಿದ್ದರು. ಹೀಗೆ ಆರು ವರ್ಷ ನಡೆಯಿತು.

ಚಿಕ್ಕಪ್ಪ ಮಾತ್ರ ಬೆಳಿಗ್ಗೆ ಐದು ನಿಮಿಷ ಕಿಟಕಿಯ ಮುಂದೆ ನಿಲ್ಲುವುದನ್ನು ಬಿಡಲಿಲ್ಲ. ತುಟಿ ಈಗ ಅಲುಗುತ್ತಿರಲಿಲ್ಲ. ‘ದೇವರ ದಯೆ’, ‘ದೇವರಿಚ್ಛೆ’ ಅಂತ ನಾವೆಲ್ಲ ಬಾಯಿಮಾತಿಗೆ ಅನ್ನುವುದನ್ನೂ ಅವರು ಬಿಟ್ಟಿದ್ದರು. ಯಾರಾದರೂ ಅಂದರೆ ಕೈಯೆತ್ತಿ ತಡೆಯುತ್ತಿದ್ದರು. ಒಂದು ಸಲ ನಾನು, ಈ ಸಾರಿ ಅಣಕಿಸದೆ, “ಪ್ರಾರ್ಥನೆನಾ ಚಿಕ್ಕಪ್ಪ?” ಎಂದು ಕೇಳಿದೆ.

“ಅಲ್ಲ. ತಪ್ಪಾಯ್ತು ಅನ್ನೋಣ ಅಂತ ನಿಲ್ತೀನಿ. ಇದಾನೋ ಇಲ್ವೋ, ಗೊತ್ತಿಲ್ಲ. ಇದ್ರೂ ಏನಂತ ಕರೀಲಿ? ಆ ಹೆಸರು ನನ್ನ ಕೈಯಲ್ಲೇ ಸವೆದುಹೋಯ್ತಲ್ಲ.”

ಹೋದ ವರ್ಷ ಒಂದು ಬೆಳಿಗ್ಗೆ ಅದೇ ಕಿಟಕಿಯ ಹತ್ತಿರ ಕುಸಿದು ಬಿದ್ದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಉಸಿರು ನಿಂತಿತ್ತು. ಒಂದು ವಾರ ಕಳೆದು ಸಾವಿನ ಪ್ರಮಾಣಪತ್ರ ತರಲು ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿದ್ದೆ. ಕಾಗದ ಕೈಗೆ ಬಂದಾಗ ಚಿಕ್ಕಮ್ಮ ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂತು, “ಕಾರಣ ಅಂತ ಇದ್ಯಾ ಅದರಲ್ಲಿ?” ಎಂದು ಕೇಳಿದರು.

“ಇದೆ.”

“ಏನು ಬರೆದಿದಾರೆ?”

“ಹೃದಯಾಘಾತ.”

“ಅಷ್ಟೇನಾ? ದೇವರು ಅಂತ ಎಲ್ಲೂ ಹಾಕಿಲ್ಲ ತಾನೇ?”

“ಇಲ್ಲ ಚಿಕ್ಕಮ್ಮ.”

“ಸರಿಯಾಗಿ ನೋಡು.”

ನಾನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ಓದಿದೆ, ಹಿಂದೆ ತಿರುಗಿಸಿಯೂ ನೋಡಿದೆ. “ಎಲ್ಲೂ ಇಲ್ಲ” ಎಂದೆ.

“ಹಾಗಾದ್ರೆ ಸರಿ” ಎಂದು ಕಾಗದ ತೆಗೆದುಕೊಂಡು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. “ಹಾಕಿದ್ರೆ ಅವರು ಒಪ್ತಿರಲಿಲ್ಲ.” ಆರು ವರ್ಷದಲ್ಲಿ ಚಿಕ್ಕಮ್ಮ ಗಂಡನ ಬಗ್ಗೆ ಆಡಿದ ಮೊದಲ ಮಾತು ಅದು.